ಪ್ರವಾಸದಲ್ಲಿ ಸೇವಾ ಸಂಸ್ಥೆಯ ಕೆಫೆ, ಬೇಕರಿಗೆ ಹೋಗುವುದು ಹೇಗೆ? ಹುಡುಕುವುದರಿಂದ ಬಿಲ್ಲು ಕೊಡುವವರೆಗೆ

‘ಆಗ್ರಾದಲ್ಲಿ ಆ್ಯಸಿಡ್ ದಾಳಿಗೆ ಸಿಕ್ಕ ಹೆಣ್ಣುಮಕ್ಕಳು ನಡೆಸುವ ಕೆಫೆ ಇದೆಯಂತೆ, ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?’ ‘ಬೆಲೆಯೇ ಬರೆದಿಲ್ಲ ಅಂದ್ರೆ ಎಷ್ಟು ಕೊಡಬೇಕು?’ ‘ಅಲ್ಲಿರುವವರಿಗೆ ಕಿವಿ ಕೇಳಿಸಲ್ಲ, ನಮಗೆ ಸನ್ನೆ ಬರಲ್ಲ, ಏನ್ಮಾಡೋದು?’ ‘ವಿಯೆಟ್ನಾಂನಲ್ಲಿ ಇಂಥ ಜಾಗ ತುಂಬಾ ಇವೆಯಂತೆ, ಸಸ್ಯಾಹಾರಿಗಳಿಗೆ ಏನಾದರೂ ಸಿಗುತ್ತಾ?’ ರಜೆ ಹತ್ತಿರ ಬಂತೆಂದರೆ ಓದುಗರಿಂದ ಇವೇ ಪ್ರಶ್ನೆಗಳು ಬರುತ್ತವೆ. ಒಬ್ಬೊಬ್ಬರಿಗೂ ಬೇರೆಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಬರೆದಿಟ್ಟಿದ್ದೇನೆ.

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಇಂಥ ಜಾಗಕ್ಕೆ ಗಿರಾಕಿಯಾಗಿ ಹೋಗಿ. ಹಸಿವಾದಾಗ ಹೋಗಿ, ಬೇಕಾದದ್ದು ತಿನ್ನಿ, ತಿಂದದ್ದಕ್ಕೆ ದುಡ್ಡು ಕೊಡಿ. ಪುಣ್ಯ ಕಟ್ಟಿಕೊಳ್ಳೋಣ ಅಂತ ಹೋದವರು ಒಂದು ಕಾಫಿ ಕುಡಿದು, ಹತ್ತು ಫೋಟೊ ತೆಗೆದು ಎದ್ದು ಬರುತ್ತಾರೆ. ಹಸಿದು ಹೋದವರು ಎರಡು ಪ್ಲೇಟ್ ತಿಂದು, ಮನೆಗೂ ಬಿಸ್ಕತ್ತು ಕಟ್ಟಿಸಿಕೊಳ್ಳುತ್ತಾರೆ. ಕೆಫೆಯ ಲೆಕ್ಕದ ಪುಸ್ತಕಕ್ಕೆ ಯಾರು ಬೇಕು ಅಂತ ನೀವೇ ಹೇಳಿ.

ಸೇವಾ ಸಂಸ್ಥೆಯ ಕೆಫೆ ಎಂದರೆ ಯಾವುದು?

ಟ್ರಸ್ಟೋ ನೋಂದಾಯಿತ ಸಂಘವೋ ನಡೆಸುವ ಕೆಫೆ ಇದು. ಬಂದ ಲಾಭ ಮಾಲೀಕರ ಜೇಬಿಗೆ ಹೋಗುವುದಿಲ್ಲ. ಕೆಲಸ ಮಾಡುವವರ ಸಂಬಳಕ್ಕೆ, ತರಬೇತಿಗೆ, ಸಂಸ್ಥೆಯ ಕೆಲಸಕ್ಕೆ ವಾಪಸ್ ಹೋಗುತ್ತದೆ. ಇದರಲ್ಲಿ ಮುಖ್ಯವಾಗಿ ಮೂರು ಬಗೆ. ಯಾವ ಬಗೆ ಅಂತ ಗೊತ್ತಿದ್ದರೆ ಅಲ್ಲಿ ಏನು ನಿರೀಕ್ಷಿಸಬೇಕು ಅನ್ನುವುದೂ ಗೊತ್ತಾಗುತ್ತದೆ.

ಮೊದಲನೆಯದು, ಬೇರೆಲ್ಲೂ ಸುಲಭವಾಗಿ ಕೆಲಸ ಸಿಗದವರಿಗೆ ಕಾಯಂ ಕೆಲಸ ಕೊಡುವ ಕೆಫೆ. ನಮ್ಮ ಹುಬ್ಬಳ್ಳಿಯಲ್ಲೇ ಶುರುವಾದ ಮಿಟ್ಟಿ ಕೆಫೆ ಈ ಬಗೆಯದು. 2017ರಲ್ಲಿ ಅಲೀನಾ ಆಲಂ ಎಂಬುವರು ಬಿವಿಬಿ ಕಾಲೇಜಿನ ಆವರಣದಲ್ಲಿ ಮೊದಲ ಕೆಫೆ ತೆರೆದರು. ಬೌದ್ಧಿಕ ಅಥವಾ ದೈಹಿಕ ಅಂಗವೈಕಲ್ಯ ಇರುವವರೇ ಅಲ್ಲಿ ಅಡುಗೆ ಮಾಡುತ್ತಾರೆ, ಬಡಿಸುತ್ತಾರೆ, ಗಲ್ಲಾ ನೋಡಿಕೊಳ್ಳುತ್ತಾರೆ. 2023ರ ನವೆಂಬರ್‌ನಲ್ಲಿ ದೆಹಲಿಯ ಸುಪ್ರೀಂ ಕೋರ್ಟ್ ಆವರಣದಲ್ಲೂ ಇವರ ಕೆಫೆ ಬಂತು. ಆಗ್ರಾದ ಶೀರೋಸ್ ಹ್ಯಾಂಗ್‌ಔಟ್ ಕೂಡ ಇದೇ ಬಗೆ. ಛಾಂವ್ ಫೌಂಡೇಶನ್ 2014ರ ಡಿಸೆಂಬರ್‌ನಲ್ಲಿ ಶುರುಮಾಡಿದ ಈ ಕೆಫೆಯನ್ನು ಆ್ಯಸಿಡ್ ದಾಳಿಯಿಂದ ಬದುಕುಳಿದ ಮಹಿಳೆಯರು ನಡೆಸುತ್ತಾರೆ. ಆಮೇಲೆ ಲಖನೌಗೂ ಬಂತು. ಮುಂಬೈಯ ಜುಹುವಿನಲ್ಲಿ ಯಶ್ ಚಾರಿಟಬಲ್ ಟ್ರಸ್ಟ್ ಶುರುಮಾಡಿದ ಕೆಫೆ ಅರ್ಪಣ್ ಇನ್ನೊಂದು.

ಎರಡನೆಯದು ತರಬೇತಿ ಕೆಫೆ. ಹುಡುಗ ಹುಡುಗಿಯರು ಇಲ್ಲಿ ಒಂದೆರಡು ವರ್ಷ ಕಲಿತು ಹೋಟೆಲ್ ಕೆಲಸಕ್ಕೆ ಹೋಗುತ್ತಾರೆ. ವಿಯೆಟ್ನಾಂನ ಹನೋಯ್‌ನಲ್ಲಿ 1999ರಲ್ಲಿ ಜಿಮ್ಮಿ ಫಾಮ್ ಶುರುಮಾಡಿದ ಕೋಟೊ ಇಂಥದ್ದು. ಬೀದಿಯಲ್ಲಿ ಬೆಳೆದ ಮಕ್ಕಳಿಗೆ ಕೆಲಸ ಕಲಿಸಲು ತೆರೆದ ಸ್ಯಾಂಡ್‌ವಿಚ್ ಅಂಗಡಿ ಮುಂದೆ ತರಬೇತಿ ಶಾಲೆಯೇ ಆಯಿತು. ಇಂಥ ಕಡೆ ಇವತ್ತು ಬಡಿಸಿದ ಹುಡುಗ ಹೊಸಬನಿರಬಹುದು. ಕೈ ನಡುಗಬಹುದು, ಆರ್ಡರ್ ತಡವಾಗಬಹುದು.

ಮೂರನೆಯದು, ಕೇಕು ಬಿಸ್ಕತ್ತು ಮಾರಿ ಬಂದ ದುಡ್ಡನ್ನು ಶಾಲೆಗೋ ಆಸ್ಪತ್ರೆಗೋ ಕೊಡುವ ಅಂಗಡಿ. ಇದು ಮಾಮೂಲಿ ಬೇಕರಿ ಇದ್ದಂತೆಯೇ ಇರುತ್ತದೆ, ವಿಶೇಷ ತಯಾರಿ ಏನೂ ಬೇಡ.

ಏನೇನು ಬೇಕು?

ಜಾಸ್ತಿ ಏನಿಲ್ಲ. ಚಿಲ್ಲರೆ ನೋಟು ಇರಲಿ, 500ರ ನೋಟು ಮುರಿಸುವುದು ಸಣ್ಣ ಕೆಫೆಗೆ ಕಷ್ಟ. ಯುಪಿಐ ನಡೆಯುತ್ತದೆ, ಆದರೂ ನೆಟ್‌ವರ್ಕ್ ನಂಬಬೇಡಿ. ಜೇಬಿನಲ್ಲಿ ಪೆನ್ನು, ಸಣ್ಣ ಕಾಗದ ಇದ್ದರೆ ಉಪಯೋಗಕ್ಕೆ ಬರುತ್ತದೆ. ಬಿಸ್ಕತ್ತು ಕಟ್ಟಿಸುವ ಆಸೆ ಇದ್ದರೆ ಗಾಳಿಯಾಡದ ಡಬ್ಬಿ ಒಂದಿರಲಿ. ಎಲ್ಲಕ್ಕಿಂತ ಮುಖ್ಯವಾಗಿ ಒಂದು ಗಂಟೆ ಬಿಡುವು ಇಟ್ಟುಕೊಳ್ಳಿ. ರೈಲಿಗೆ ಅರ್ಧ ಗಂಟೆ ಇರುವಾಗ ಇಂಥ ಕಡೆ ಹೋದರೆ ನಿಮಗೂ ತಾಪತ್ರಯ, ಅವರಿಗೂ ತಾಪತ್ರಯ.

ಹಂತ 1: ಹೊರಡುವ ಮೊದಲೇ ಹುಡುಕಿ, ಫೋನ್ ಮಾಡಿ

ಮ್ಯಾಪ್‌ನಲ್ಲಿ ಹೆಸರು ಹಾಕಿದ ಕೂಡಲೇ ಜಾಗ ಸಿಗುತ್ತದೆ. ಆದರೆ ಅದನ್ನೇ ನಂಬಿ ಹೊರಡಬೇಡಿ. ಸೇವಾ ಸಂಸ್ಥೆಗಳ ಕೆಫೆಗಳು ಬಾಡಿಗೆಯ ಕಾರಣಕ್ಕೆ, ರಸ್ತೆ ಕೆಲಸದ ಕಾರಣಕ್ಕೆ ಜಾಗ ಬದಲಿಸುತ್ತಲೇ ಇರುತ್ತವೆ. ಕೊರೊನಾ ಹೊತ್ತಿನಲ್ಲಿ ಮುಚ್ಚಿದ ಎಷ್ಟೋ ಕೆಫೆಗಳ ಹೆಸರು ಇವತ್ತಿಗೂ ಪ್ರವಾಸಿ ಪುಸ್ತಕಗಳಲ್ಲಿ ಇದೆ. ಜನ ಬರೆದ ಅಭಿಪ್ರಾಯಗಳನ್ನು ‘ಹೊಸದು ಮೊದಲು’ ಅಂತ ಜೋಡಿಸಿಕೊಂಡು ನೋಡಿ. ಕಳೆದ ಎರಡು ತಿಂಗಳಲ್ಲಿ ಯಾರಾದರೂ ಊಟದ ಫೋಟೊ ಹಾಕಿದ್ದಾರಾ? ಹಾಕಿದ್ದರೆ ಕೆಫೆ ನಡೆಯುತ್ತಿದೆ ಅಂತ ಲೆಕ್ಕ. ಆಮೇಲೆ ಒಂದು ಫೋನ್ ಮಾಡಿ. ‘ಈ ಭಾನುವಾರ ತೆರೆದಿರುತ್ತೀರಾ, ಎಷ್ಟು ಹೊತ್ತಿನವರೆಗೆ’ ಅಂತ ಎರಡು ಪ್ರಶ್ನೆ ಕೇಳಿ.

ಫೋನಿನಲ್ಲೇ ಕೇಳಬೇಕಾದ ಮೂರನೇ ಪ್ರಶ್ನೆಯೊಂದಿದೆ: ‘ಹೊರಗಿನವರು ಒಳಗೆ ಬರಬಹುದಾ?’ ಇದನ್ನು ಕೇಳದೆ ಗೇಟಿನವರೆಗೆ ಹೋಗಿ ವಾಪಸ್ ಬರುವವರು ಬಹಳ. ಮಿಟ್ಟಿ ಕೆಫೆಯ ಹಲವು ಶಾಖೆಗಳು ಕಂಪನಿಗಳ, ಕಾಲೇಜುಗಳ ಆವರಣದ ಒಳಗಿವೆ. ಅಲ್ಲಿ ಗುರುತಿನ ಚೀಟಿ ಇಲ್ಲದೆ ಸೆಕ್ಯೂರಿಟಿಯವರು ಬಿಡುವುದಿಲ್ಲ. ಸುಪ್ರೀಂ ಕೋರ್ಟಿಗಂತೂ ಪಾಸ್ ಬೇಕು. ಊರು ನೋಡಲು ಬಂದವರಿಗೆ ಸುಲಭವಾಗಿ ಸಿಗುವುದು ಮುಂಬೈ ವಿಮಾನ ನಿಲ್ದಾಣದಂಥ ಕಡೆ ಇರುವ ಶಾಖೆ. ವಿಮಾನ ನಿಲ್ದಾಣದ್ದಾದರೆ ಯಾವ ಟರ್ಮಿನಲ್, ಭದ್ರತಾ ತಪಾಸಣೆಯ ಒಳಗೋ ಹೊರಗೋ ಅಂತಲೂ ಕೇಳಿಕೊಳ್ಳಿ.

ಹಂತ 2: ನಿಜವಾದ ಸಂಸ್ಥೆಯೇ ಅಂತ ನೋಡಿ

‘ನಮ್ಮ ಲಾಭವೆಲ್ಲ ಅನಾಥ ಮಕ್ಕಳಿಗೆ’ ಅಂತ ಬೋರ್ಡು ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ. ಪ್ರವಾಸಿ ಊರುಗಳಲ್ಲಿ ಇದೂ ಒಂದು ವ್ಯಾಪಾರವೇ. ಪತ್ತೇದಾರಿ ಮಾಡುತ್ತಾ ಕೂರಬೇಕಿಲ್ಲ, ಐದು ನಿಮಿಷದ ಕೆಲಸ ಅಷ್ಟೆ.

ನಮ್ಮ ದೇಶದಲ್ಲಾದರೆ ಕೆಫೆಯ ಹಿಂದಿರುವ ಟ್ರಸ್ಟಿನ ಪೂರ್ತಿ ಹೆಸರು ತಿಳಿದುಕೊಳ್ಳಿ. ನೀತಿ ಆಯೋಗದ ‘ಎನ್‌ಜಿಒ ದರ್ಪಣ್’ ಎಂಬ ಜಾಲತಾಣದಲ್ಲಿ ಆ ಹೆಸರು ಹಾಕಿ ನೋಡಿ. ಸೇವಾ ಸಂಸ್ಥೆಗಳು ತಾವಾಗಿಯೇ ನೋಂದಾಯಿಸಿಕೊಳ್ಳುವ ಸರ್ಕಾರಿ ಪಟ್ಟಿ ಅದು. ಅಲ್ಲಿ ಹೆಸರಿದ್ದ ಮಾತ್ರಕ್ಕೆ ಸಂಸ್ಥೆ ಒಳ್ಳೆಯದು ಅಂತಲ್ಲ. ಇಲ್ಲದಿದ್ದರೆ ಇನ್ನೆರಡು ಪ್ರಶ್ನೆ ಕೇಳಿ ಅಂತ ಅರ್ಥ. ಹಾಗೆಯೇ ಬಿಲ್ಲಿನ ಮೇಲೋ ಬಿಸ್ಕತ್ತಿನ ಪೊಟ್ಟಣದ ಮೇಲೋ ಎಫ್‌ಎಸ್‌ಎಸ್‌ಎಐ ಸಂಖ್ಯೆ ನೋಡಿ. ಆಹಾರ ಮಾರಲು ಬೇಕಾದ 14 ಅಂಕಿಯ ನೋಂದಣಿ ಅದು. ಸೇವಾ ಸಂಸ್ಥೆಯಾದರೂ ಅಡುಗೆಮನೆಗೆ ರಿಯಾಯಿತಿ ಇಲ್ಲ.

ಎಲ್ಲ ದೇಶಕ್ಕೂ ಸಲ್ಲುವ ಒಂದು ಎಚ್ಚರಿಕೆ: ಕೆಫೆಯ ಪಕ್ಕದಲ್ಲೇ ಅನಾಥಾಲಯ ಇದ್ದು, ‘ತಿಂದಾದ ಮೇಲೆ ಮಕ್ಕಳನ್ನು ನೋಡಿಕೊಂಡು ಹೋಗಿ, ಅವರ ಜೊತೆ ಆಡಿ, ಫೋಟೊ ತಗೊಳ್ಳಿ’ ಅಂತ ಕರೆದರೆ ಹೋಗಬೇಡಿ. ಕಾಂಬೋಡಿಯಾದಲ್ಲಿ ಇದು ದೊಡ್ಡ ದಂಧೆಯೇ ಆಗಿತ್ತು. ಅಲ್ಲಿನ ಅನಾಥಾಲಯಗಳಲ್ಲಿದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ಅಪ್ಪ ಅಥವಾ ಅಮ್ಮ ಇದ್ದರು ಅಂತ 2011ರ ಹೊತ್ತಿಗೇ ಬಯಲಾಯಿತು. ಪ್ರವಾಸಿಗರ ದುಡ್ಡು ಬರುತ್ತದೆ ಅಂತ ಮಕ್ಕಳನ್ನು ಮನೆಯಿಂದ ಕರೆತಂದು ಕೂರಿಸುತ್ತಿದ್ದರು. ಆಗಲೇ ಅಲ್ಲಿನ ಫ್ರೆಂಡ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ ‘ಮಕ್ಕಳು ಪ್ರವಾಸಿ ತಾಣಗಳಲ್ಲ’ ಅಂತ ಪ್ರಚಾರ ಶುರುಮಾಡಿದ್ದು. ಇದೇ ಸಂಸ್ಥೆ ನಡೆಸುವ ತರಬೇತಿ ಹೋಟೆಲುಗಳಲ್ಲಿ ಕಲಿಯುವವರ ಅಂಗಿಯ ಮೇಲೆ ‘ವಿದ್ಯಾರ್ಥಿ’, ಕಲಿಸುವವರ ಅಂಗಿಯ ಮೇಲೆ ‘ಶಿಕ್ಷಕ’ ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಯಾರು ಏನು ಕೆಲಸ ಮಾಡುತ್ತಿದ್ದಾರೆ ಅಂತ ಕಣ್ಣಿಗೇ ಕಾಣುವ ಇಂಥ ಜಾಗವನ್ನು ನಾನು ಹೆಚ್ಚು ನಂಬುತ್ತೇನೆ.

ಹಂತ 3: ದಿನ ಮತ್ತು ಹೊತ್ತು ಆರಿಸಿಕೊಳ್ಳಿ

ಬೇಕರಿಗೆ ಬೆಳಿಗ್ಗೆಯೇ ಹೋಗಿ. ಸಣ್ಣ ಬೇಕರಿಯಲ್ಲಿ ದಿನಕ್ಕೆ ಒಂದೇ ಸಲ ಒಲೆ ಹಚ್ಚುತ್ತಾರೆ. ಬ್ರೆಡ್ಡು ಬನ್ನು ಮಧ್ಯಾಹ್ನದ ಹೊತ್ತಿಗೆ ಖಾಲಿಯಾಗಿ, ಸಂಜೆ ಹೋದವರಿಗೆ ರಸ್ಕ್ ಮಾತ್ರ ಸಿಗುತ್ತದೆ. ಕೆಫೆಗೆ ಹೋಗುವುದಾದರೆ ಊಟದ ಗದ್ದಲದ ಹೊತ್ತು ಬಿಡಿ. ಬೆಳಗಿನ ಹನ್ನೊಂದು ಗಂಟೆ ಇಲ್ಲವೇ ಸಂಜೆ ನಾಲ್ಕು ಒಳ್ಳೆಯದು. ಹೊಸದಾಗಿ ಕೆಲಸ ಕಲಿಯುತ್ತಿರುವವರಿಗೆ ನಿಮ್ಮ ಜೊತೆ ನಿಧಾನವಾಗಿ ವ್ಯವಹರಿಸಲು ಆಗುತ್ತದೆ.

ಆಗ್ರಾಕ್ಕೆ ಹೋಗುವವರಿಗೆ ಬೇರೆಯದೇ ಲೆಕ್ಕವಿದೆ. ತಾಜ್‌ಮಹಲ್ ಶುಕ್ರವಾರ ಮುಚ್ಚಿರುತ್ತದೆ. ಒಳಗೆ ತಿಂಡಿ ತಿನಿಸು ಬಿಡುವುದಿಲ್ಲ. ಹಾಗಾಗಿ ಕೆಫೆಯಲ್ಲಿ ಕಟ್ಟಿಸಿಕೊಂಡು ತಾಜ್‌ಗೆ ಹೋಗುವ ಯೋಚನೆ ಬೇಡ. ಬೆಳಿಗ್ಗೆ ಬೇಗ ತಾಜ್ ನೋಡಿ, ಹೊರಗೆ ಬಂದು, ಹೊಟ್ಟೆ ಚುರುಗುಟ್ಟುವ ಹೊತ್ತಿಗೆ ಕೆಫೆಗೆ ಹೋಗಿ. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಹೋಗುವವರು ಆಗ್ರಾ ಕ್ಯಾಂಟ್‌ನಲ್ಲಿ ಇಳಿಯುತ್ತೀರಿ. ಎರಡು ರಾತ್ರಿ ರೈಲಿನಲ್ಲಿ ಕಳೆದವರಿಗೆ ಇಳಿದ ತಕ್ಷಣ ಬೇಕಾಗುವುದು ಸ್ನಾನ. ರೂಮಿಗೆ ಹೋಗಿ ಆಮೇಲೆ ಹೊರಡಿ.

ಹಂತ 4: ಆಟೋದವರ ಮಾತಿಗೆ ಮರುಳಾಗಬೇಡಿ

‘ಆ ಕೆಫೆ ಬಂದ್ ಆಯ್ತು ಸಾಬ್, ಅದಕ್ಕಿಂತ ಒಳ್ಳೆ ಜಾಗ ತೋರಿಸ್ತೀನಿ’ ಅನ್ನುವ ಮಾತು ಪ್ರವಾಸಿ ಊರುಗಳಲ್ಲಿ ಹಳೆಯದು. ಆ ಒಳ್ಳೆಯ ಜಾಗದಿಂದ ಅವರಿಗೆ ಕಮಿಷನ್ ಬರುತ್ತದೆ. ಸೇವಾ ಸಂಸ್ಥೆಯ ಕೆಫೆ ಕಮಿಷನ್ ಕೊಡುವುದಿಲ್ಲ, ಅದಕ್ಕೇ ಆಟೋದವರಿಗೆ ಅದರ ಮೇಲೆ ಪ್ರೀತಿ ಇಲ್ಲ. ಹಂತ 1ರಲ್ಲಿ ಫೋನ್ ಮಾಡಿದ್ದೀರಲ್ವಾ? ‘ಈಗ ತಾನೇ ಮಾತಾಡಿದ್ದೇನೆ, ತೆರೆದಿದೆ, ಅಲ್ಲಿಗೇ ಬಿಡಿ’ ಅನ್ನಿ. ಸುಮ್ಮನಾಗುತ್ತಾರೆ. ತಾಜ್ ಸುತ್ತ 500 ಮೀಟರ್ ಒಳಗೆ ಪೆಟ್ರೋಲ್, ಡೀಸೆಲ್ ಗಾಡಿ ಬಿಡುವುದಿಲ್ಲ, ಬ್ಯಾಟರಿ ಗಾಡಿ ಮಾತ್ರ. ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಹಂತ 5: ಆರ್ಡರ್ ಕೊಡುವುದು

ಜನ ಮುಜುಗರಪಡುವುದು ಇಲ್ಲೇ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಡಿಸುವವರಿಗೆ ಕಿವಿ ಕೇಳಿಸದಿದ್ದರೆ: ಹಿಂದಿನಿಂದ ಹೋಗಿ ಬೆನ್ನು ತಟ್ಟಬೇಡಿ. ಅವರ ಕಣ್ಣಿಗೆ ಬೀಳುವ ಹಾಗೆ ಕೈ ಬೀಸಿ, ಇಲ್ಲವೇ ಮೇಜನ್ನು ಮೆಲ್ಲಗೆ ತಟ್ಟಿ. ಮೇಜು ಅದುರಿದ್ದು ಅವರಿಗೆ ಗೊತ್ತಾಗುತ್ತದೆ. ಮುಖ ಅವರ ಕಡೆಗಿರಲಿ, ಬಾಯಿಗೆ ಕೈ ಅಡ್ಡ ಇಡಬೇಡಿ, ತುಟಿಯ ಚಲನೆ ನೋಡಿ ಅರ್ಥಮಾಡಿಕೊಳ್ಳುವವರು ಇರುತ್ತಾರೆ. ಕೂಗಿದರೆ ಪ್ರಯೋಜನವಿಲ್ಲ, ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ ಅಷ್ಟೆ. ಮೆನು ಕಾರ್ಡಿನ ಮೇಲೆ ಬೆರಳಿಟ್ಟು ತೋರಿಸಿ, ಎಷ್ಟು ಬೇಕೋ ಅಷ್ಟು ಬೆರಳು ಎತ್ತಿ. ಸಕ್ಕರೆ ಬೇಡ ಅನ್ನುವಂಥದ್ದನ್ನು ಕಾಗದದ ಮೇಲೆ ಬರೆದು ತೋರಿಸಿ. ಥ್ಯಾಂಕ್ಸ್ ಹೇಳಲು ಚಾಚಿದ ಅಂಗೈಯ ಬೆರಳ ತುದಿಯನ್ನು ಗದ್ದಕ್ಕೆ ಮುಟ್ಟಿಸಿ ಅವರ ಕಡೆಗೆ ಚಾಚಿದರೆ ಆಯಿತು.

ವಿಯೆಟ್ನಾಂನ ಹೋಯ್ ಆನ್ ಊರಿನ ರೀಚಿಂಗ್ ಔಟ್ ಟೀ ಹೌಸ್ ಇದನ್ನು ತುಂಬಾ ಚೆನ್ನಾಗಿ ಮಾಡಿದೆ. ಹಳೇ ಪೇಟೆಯ ಚಾನ್ ಫು ಬೀದಿಯ ಹಳೆಯ ಮನೆಯೊಂದರಲ್ಲಿ ಈ ಚಹಾ ಅಂಗಡಿ ಇದೆ. ಬಡಿಸುವವರಿಗೆ ಕಿವಿ ಕೇಳಿಸುವುದಿಲ್ಲ, ಮಾತು ಬರುವುದಿಲ್ಲ. ಕೂತ ಕೂಡಲೇ ಒಂದು ಚೀಟಿ, ಪೆನ್ಸಿಲ್ ತಂದಿಡುತ್ತಾರೆ, ಬೇಕಾದ್ದಕ್ಕೆ ಗುರುತು ಹಾಕಿ ಕೊಡಬೇಕು. ಮೇಜಿನ ಮೇಲೆ ಚಿಕ್ಕ ಚಿಕ್ಕ ಮರದ ತುಂಡುಗಳಿರುತ್ತವೆ. ಒಂದರ ಮೇಲೆ ‘ಬಿಸಿನೀರು’, ಒಂದರ ಮೇಲೆ ‘ಐಸ್’, ಒಂದರ ಮೇಲೆ ‘ಬಿಲ್ಲು’, ಇನ್ನೊಂದರ ಮೇಲೆ ‘ಥ್ಯಾಂಕ್ಯೂ’ ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಚಹಾಕ್ಕೆ ಇನ್ನಷ್ಟು ಬಿಸಿನೀರು ಬೇಕಾದರೆ ಆ ತುಂಡನ್ನು ಎತ್ತಿ ತೋರಿಸಿದರೆ ಸಾಕು. ಅಲ್ಲಿ ಗಿರಾಕಿಗಳೂ ಪಿಸುದನಿಯಲ್ಲೇ ಮಾತಾಡುತ್ತಾರೆ. ಫೋನ್ ಸೈಲೆಂಟ್ ಮಾಡಿಕೊಂಡೇ ಒಳಗೆ ಹೋಗಿ. ಗುಂಪಾಗಿ ಹೋಗಿ ಹರಟೆ ಹೊಡೆಯುವ ಆಸೆಯಿದ್ದರೆ ಪಕ್ಕದ ಬೇರೆ ಕೆಫೆಗೆ ಹೋಗುವುದೇ ವಾಸಿ. ಮೂರು ಬಗೆಯ ಚಹಾವನ್ನೋ ಕಾಫಿಯನ್ನೋ ಸಣ್ಣ ಸಣ್ಣ ಬಟ್ಟಲಲ್ಲಿ ಜೊತೆಗೆ ಬಿಸ್ಕತ್ತಿಟ್ಟು ಕೊಡುವ ರುಚಿ ನೋಡುವ ಸೆಟ್ ಸಿಗುತ್ತದೆ, ಅದನ್ನೇ ತಗೊಳ್ಳಿ.

ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಡೌನ್ ಸಿಂಡ್ರೋಮ್ ಇರುವವರು ಆರ್ಡರ್ ತಗೊಳ್ಳುತ್ತಿದ್ದರೆ: ಒಂದು ಸಲಕ್ಕೆ ಒಂದೇ ವಿಷಯ ಹೇಳಿ. ‘ಎರಡು ಕಾಫಿ, ಒಂದಕ್ಕೆ ಸಕ್ಕರೆ ಕಡಿಮೆ, ಒಂದು ಸ್ಯಾಂಡ್‌ವಿಚ್, ಈರುಳ್ಳಿ ಬೇಡ, ಅಲ್ಲ ಇರಲಿ ಹಾಕಿ’ ಅಂತ ಒಂದೇ ಉಸಿರಿನಲ್ಲಿ ಹೇಳಿದರೆ ಯಾವ ಹೋಟೆಲಿನವರಿಗೂ ತಲೆ ಕೆಡುತ್ತದೆ. ಹೇಳಿ, ನಿಲ್ಲಿಸಿ, ಅವರು ಬರೆದುಕೊಳ್ಳಲಿ, ಆಮೇಲೆ ಮುಂದಿನದ್ದು. ಅವರು ತಡೆದು ತಡೆದು ಮಾತಾಡಿದರೆ ವಾಕ್ಯವನ್ನು ನೀವೇ ಪೂರ್ತಿ ಮಾಡಬೇಡಿ. ಪಕ್ಕದಲ್ಲಿ ಮೇಲ್ವಿಚಾರಕರು ನಿಂತಿದ್ದರೂ ಮಾತು ಆರ್ಡರ್ ತಗೊಳ್ಳುವವರ ಜೊತೆಗೇ ಇರಲಿ.

ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದದ್ದೊಂದಿದೆ. ಇವರನ್ನು ಕಂಡ ಕೂಡಲೇ ನಮ್ಮ ಬಾಯಲ್ಲಿ ‘ನೀನು’ ಬರುತ್ತದೆ. ‘ಏನು ಪುಟ್ಟಾ, ನಿನ್ನ ಹೆಸರೇನು?’ ಅನ್ನುತ್ತೇವೆ. ಎದುರಿಗಿರುವವರಿಗೆ ಮೂವತ್ತೈದು ವರ್ಷ ಆಗಿರುತ್ತದೆ, ತಿಂಗಳ ಸಂಬಳ ತಗೊಳ್ಳುತ್ತಿರುತ್ತಾರೆ. ಬೇರೆ ಹೋಟೆಲಿನ ಮ್ಯಾನೇಜರನ್ನು ‘ಪುಟ್ಟಾ’ ಅನ್ನುತ್ತೀರಾ? ‘ನೀವು’ ಅನ್ನಿ. ‘ಅಯ್ಯೋ ಪಾಪ’ ಅನ್ನುವುದನ್ನೂ ಬಾಗಿಲ ಹೊರಗೇ ಬಿಟ್ಟು ಬನ್ನಿ. ಹುಬ್ಬಳ್ಳಿ, ಬೆಂಗಳೂರಿನ ಕೆಫೆಗಳಲ್ಲಿ ಅವರಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ನೀವು ಹೆಂಡತಿಯ ಕಿವಿಯಲ್ಲಿ ಹೇಳಿದ್ದೂ ಕೇಳಿಸುತ್ತದೆ.

ಕಣ್ಣು ಕಾಣದವರಾದರೆ: ಹತ್ತಿರ ಹೋಗಿ ಮೊದಲು ಮಾತಾಡಿ. ದುಡ್ಡು ಕೊಡುವಾಗ ‘ಇದು 200ರ ನೋಟು’ ಅಂತ ಹೇಳಿ ಕೈಗೆ ಕೊಡಿ. ಕೇಳದೆ ಕೈ ಹಿಡಿದು ನಡೆಸಬೇಡಿ.

ಒಂದು ವೇಳೆ ಆರ್ಡರ್ ತಪ್ಪಾಗಿ ಬಂದರೆ? ಹೇಳಿ. ಕಾಫಿ ಕೇಳಿದ್ದಕ್ಕೆ ಚಹಾ ಬಂದರೆ ಸುಮ್ನೆ ಕುಡಿದು ಬರುವುದು ದೊಡ್ಡತನ ಅಂತ ಕೆಲವರು ಅಂದುಕೊಂಡಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ನಗುತ್ತಲೇ ‘ನಾನು ಕಾಫಿ ಹೇಳಿದ್ದೆ’ ಅನ್ನಿ, ಬದಲಿಸಿ ತರುತ್ತಾರೆ. ತಪ್ಪು ತಿದ್ದಿಕೊಳ್ಳುವುದೂ ಕೆಲಸದ ಭಾಗವೇ ಅಲ್ವಾ?

ಹಂತ 6: ಮೊಟ್ಟೆ ಇದೆಯಾ, ಮೀನು ಇದೆಯಾ ಕೇಳಿ

ಅಯ್ಯಂಗಾರ್ ಬೇಕರಿಗೆ ಒಗ್ಗಿದ ನಮಗೆ ಕೇಕಿನಲ್ಲಿ ಮೊಟ್ಟೆ ಇದೆಯಾ ಅಂತ ಕೇಳುವ ಅಭ್ಯಾಸವೇ ತಪ್ಪಿಹೋಗಿದೆ. ರಾಜ್ಯ ದಾಟಿದ ಮೇಲೆ ಕೇಳಲೇಬೇಕು. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ಮೊಟ್ಟೆ ಹಾಕಿದ್ದರೆ ಕಂದು ತ್ರಿಕೋನ ಇರುತ್ತದೆ. ಬಿಡಿಯಾಗಿ ಮಾರುವ ಕೇಕಿನ ಮೇಲೆ ಯಾವ ಗುರುತೂ ಇರುವುದಿಲ್ಲ, ಬಾಯಿ ಬಿಟ್ಟು ಕೇಳಿ.

ವಿಯೆಟ್ನಾಂನಲ್ಲಿ ‘ಆನ್ ಚಾಯ್’ ಎಂದರೆ ಸಸ್ಯಾಹಾರ ತಿನ್ನುವುದು. ‘ಚಾಯ್’ ಅಂದ ಕೂಡಲೇ ಟೀ ತಂದಿಡುತ್ತಾರೆ ಅಂತ ಹೆದರಬೇಡಿ, ಅಲ್ಲಿ ಟೀಗೆ ‘ಚಾ’ ಅನ್ನುತ್ತಾರೆ. ಉಚ್ಚಾರದಲ್ಲಿ ಎಡವಟ್ಟಾಗುವ ಸಾಧ್ಯತೆ ಇರುವುದರಿಂದ ಫೋನಿನಲ್ಲಿ ವಿಯೆಟ್ನಾಂ ಲಿಪಿಯಲ್ಲಿ ಬರೆದಿಟ್ಟುಕೊಂಡು ತೋರಿಸುವುದು ಒಳ್ಳೆಯದು. ತರಕಾರಿಯದೇ ಅಂತ ಕೊಟ್ಟದ್ದರಲ್ಲೂ ಮೀನಿನ ಸಾಸ್ ಬಿದ್ದಿರುವುದು ಅಲ್ಲಿ ಮಾಮೂಲು. ‘ನ್ಯೊಕ್ ಮಾಮ್’ ಬೇಡ ಅಂತ ಬೇರೆಯಾಗಿಯೇ ಹೇಳಿ. ತರಬೇತಿ ಕೆಫೆಗಳಲ್ಲಿ ಇದೊಂದು ಅನುಕೂಲ: ಹುಡುಗರಿಗೆ ಇಂಗ್ಲಿಷ್ ಕಲಿಸಿರುತ್ತಾರೆ, ಬೀದಿ ಅಂಗಡಿಗಿಂತ ಇಲ್ಲಿ ಕೇಳಿ ತಿಳಿಯುವುದು ಸುಲಭ.

ಹಂತ 7: ಫೋಟೊ, ಮಾತು, ಮಕ್ಕಳು

ತಿಂಡಿಯ ಫೋಟೊ ಎಷ್ಟು ಬೇಕಾದರೂ ತಗೊಳ್ಳಿ. ಮನುಷ್ಯರ ಫೋಟೊಗೆ ಕೇಳಿ. ಕೇಳುವಾಗ ಇಲ್ಲ ಅನ್ನಲು ಜಾಗ ಬಿಟ್ಟು ಕೇಳಿ. ಮೊಬೈಲು ಮುಖಕ್ಕೆ ಹಿಡಿದು ‘ಒಂದು ಫೋಟೊ?’ ಅಂದರೆ ಕೆಲಸದಲ್ಲಿರುವವರು ಬೇಡ ಅನ್ನುವುದು ಹೇಗೆ? ಮೊಬೈಲು ಮೇಜಿನ ಮೇಲಿರಲಿ. ವಿಡಿಯೊ ಮಾಡಿ ಎಲ್ಲಿ ಹಾಕುತ್ತೀರಿ ಅನ್ನುವುದನ್ನೂ ಹೇಳಿ.

ಶೀರೋಸ್‌ನಲ್ಲಿ ‘ನಿಮಗೆ ಏನಾಯಿತು? ಯಾರು ಮಾಡಿದರು?’ ಅಂತ ನೀವಾಗಿ ಕೇಳಬೇಡಿ. ಕೆಫೆಯ ಗೋಡೆ, ಪೋಸ್ಟರು, ವಿಡಿಯೊಗಳಲ್ಲಿ ಅವರ ಹೋರಾಟದ ಬಗ್ಗೆ ಓದಲು, ನೋಡಲು ಬೇಕಾದಷ್ಟು ಸಿಗುತ್ತದೆ. ಅವರಾಗಿ ಹೇಳಿದರೆ ಕೇಳಿ. ಆ್ಯಸಿಡ್ ಮಾರಾಟಕ್ಕೆ ಸುಪ್ರೀಂ ಕೋರ್ಟ್ ಕಡಿವಾಣ ಹಾಕಿದ್ದು 2013ರಲ್ಲಿ. ಆ್ಯಸಿಡ್ ದಾಳಿಗೆ ಒಳಗಾದವರನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸೇರಿಸಿದರು. ಇಷ್ಟು ತಿಳಿದುಕೊಂಡು ಹೋದರೆ ಮಾತು ಬಂದಾಗ ಪ್ರಶ್ನೆಗಳೂ ಹದವಾಗಿರುತ್ತವೆ.

ಮಕ್ಕಳನ್ನು ಧಾರಾಳವಾಗಿ ಕರೆದುಕೊಂಡು ಹೋಗಿ. ಆದರೆ ಮೊದಲೇ ಹೇಳಿರಿ: ‘ಅಲ್ಲಿರುವ ಆಂಟಿಯರಿಗೆ ಯಾರೋ ಕೆಟ್ಟವರು ಮುಖಕ್ಕೆ ಸುಟ್ಟ ಗಾಯ ಮಾಡಿದ್ದರು. ಮುಖ ಬೇರೆ ಥರ ಕಾಣುತ್ತದೆ. ಅವರದೇ ಕೆಫೆ ಅದು, ನಾವು ಅಲ್ಲಿ ತಿಂಡಿ ತಿನ್ನೋಣ.’ ಐದಾರು ವರ್ಷದ ಮಗುವಿಗೆ ಇಷ್ಟು ಸಾಕು. ಅಲ್ಲಿ ಹೋದ ಮೇಲೆ ಮಗು ದಿಟ್ಟಿಸಿ ನೋಡಿದರೆ ಗದರಬೇಡಿ, ನಮಸ್ಕಾರ ಹೇಳಿಸಿ. ಮಗು ಜೋರಾಗಿ ಏನಾದರೂ ಕೇಳಿಬಿಟ್ಟರೆ ಗಾಬರಿಯೂ ಬೇಡ, ಅವರಿಗೆ ಮಕ್ಕಳ ಪ್ರಶ್ನೆ ಹೊಸದೇನಲ್ಲ. ದೊಡ್ಡವರು ಬಾಯಿ ಮುಚ್ಚಿಸಿ ಎಳೆದುಕೊಂಡು ಹೋಗುವುದೇ ಹೆಚ್ಚು ನೋಯಿಸುತ್ತದೆ.

ಹಂತ 8: ಎಷ್ಟು ಕೊಡಬೇಕು?

ಬೆಲೆ ಬರೆದಿದ್ದರೆ ಬರೆದಷ್ಟು ಕೊಡಿ, ಚೌಕಾಸಿ ಬೇಡ. ಶೀರೋಸ್ ಹೆಸರಾದದ್ದು ‘ಪೇ ಆ್ಯಸ್ ಯು ವಿಶ್’ ಪದ್ಧತಿಗೆ. ಅಂದರೆ ನಿಮಗೆ ಇಷ್ಟ ಬಂದಷ್ಟು ಕೊಡಿ ಅಂತ. ಪುಕ್ಕಟೆ ಅಂತಲ್ಲ. ನಾನು ಹೇಳುವ ಲೆಕ್ಕ ಹೀಗಿದೆ: ಅದೇ ರಸ್ತೆಯ ಮಾಮೂಲಿ ಕೆಫೆಯಲ್ಲಿ ಇದೇ ತಿಂಡಿಗೆ ಎಷ್ಟಾಗುತ್ತಿತ್ತು ನೋಡಿ. ಅಲ್ಲಿ ಕಾಫಿಗೆ 120, ಸ್ಯಾಂಡ್‌ವಿಚ್‌ಗೆ 180 ಅಂದರೆ ಇಬ್ಬರಿಗೆ 600 ರೂಪಾಯಿ. ಅದಕ್ಕಿಂತ ಕಡಿಮೆ ಕೊಡಬೇಡಿ. ಮೇಲೆ ಕೊಡುವುದು ನಿಮಗೆ ಬಿಟ್ಟದ್ದು. ಕೈಯಲ್ಲಿ ದುಡ್ಡು ಕಡಿಮೆ ಇರುವ ವಿದ್ಯಾರ್ಥಿಗಳು ಸಂಕೋಚಪಡದೆ ಕೈಲಾದಷ್ಟು ಕೊಡಬಹುದು, ಈ ಪದ್ಧತಿ ಇರುವುದೇ ಅದಕ್ಕೆ. ಕಾರಿನಲ್ಲಿ ಬಂದು 50 ರೂಪಾಯಿ ಇಟ್ಟು ಹೋಗುವವರಿಗಾಗಿ ಅಲ್ಲ.

ಟಿಪ್ಸ್ ಕೊಡುವುದಾದರೆ ಡಬ್ಬಿ ಇದೆಯಾ ನೋಡಿ, ಅದಕ್ಕೇ ಹಾಕಿ. ಒಬ್ಬರ ಕೈಗೆ ಮಾತ್ರ ತುರುಕಿದರೆ ಒಳಗೆ ಪಾತ್ರೆ ತೊಳೆಯುವವರಿಗೆ ಏನೂ ಸಿಗುವುದಿಲ್ಲ.

ಹಂತ 9: ಕಟ್ಟಿಸಿಕೊಂಡು ಬರುವುದು

ಪ್ರಯಾಣಕ್ಕೆ ಒಣ ಪದಾರ್ಥವೇ ಸರಿ. ಬೆಣ್ಣೆ ಬಿಸ್ಕತ್ತು, ಖಾರ ಬಿಸ್ಕತ್ತು, ರಸ್ಕ್ ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತವೆ. ಕ್ರೀಮ್ ಕೇಕು, ಪಫ್ಸ್ ಅದೇ ದಿನ ತಿನ್ನಿ. ಸೇವಾ ಸಂಸ್ಥೆಯ ಬೇಕರಿಯಲ್ಲಿ ಹೆಚ್ಚಾಗಿ ಕೆಡದಂತೆ ಇಡುವ ಪುಡಿ ಹಾಕುವುದಿಲ್ಲ, ಅದಕ್ಕೇ ಬ್ರೆಡ್ಡೂ ಬೇಗ ಬೂಸಲು ಹಿಡಿಯುತ್ತದೆ. ಹತ್ತು ಪೊಟ್ಟಣಕ್ಕಿಂತ ಜಾಸ್ತಿ ಬೇಕಾದರೆ ಹಿಂದಿನ ದಿನವೇ ಹೇಳಿ. ದೀಪಾವಳಿ, ಕ್ರಿಸ್‌ಮಸ್ ಹೊತ್ತಿನಲ್ಲಿ ಆಫೀಸುಗಳ ದೊಡ್ಡ ಆರ್ಡರ್ ಇರುತ್ತದೆ, ಆಗ ಇನ್ನೂ ಮೊದಲೇ ಹೇಳಬೇಕು.

ಹಂತ 10: ದಾನವನ್ನೂ ಕೊಡಬೇಕೆನಿಸಿದರೆ

ಬಿಲ್ಲು ಬೇರೆ, ದಾನ ಬೇರೆ. ನೀವು ತಿಂದ ಕೇಕಿನ ದುಡ್ಡಿಗೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ದಾನಕ್ಕೆ ಸಿಗಬಹುದು. ಜನ ‘80ಜಿ’ ಅಂತ ಕರೆಯುವ ರಿಯಾಯಿತಿ ಅದು. ಸಂಸ್ಥೆಗೆ ಆ ಮಾನ್ಯತೆ ಇರಬೇಕು, ನೀವು ಹಳೆಯ ತೆರಿಗೆ ಪದ್ಧತಿಯಲ್ಲಿರಬೇಕು. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ರಿಯಾಯಿತಿ ಇಲ್ಲ. ಹಾಗಾಗಿ ದೊಡ್ಡ ಮೊತ್ತವನ್ನು ಬ್ಯಾಂಕ್ ಮೂಲಕವೇ, ಟ್ರಸ್ಟಿನ ಹೆಸರಿನ ಖಾತೆಗೇ ಹಾಕಿ. ಪ್ಯಾನ್ ಸಂಖ್ಯೆ ಕೊಟ್ಟು ರಸೀದಿ ಕೇಳಿ ಪಡೆಯಿರಿ. ಯಾರದೋ ಸ್ವಂತ ಯುಪಿಐ ನಂಬರ್ ಕೊಟ್ಟರೆ ಅಲ್ಲಿಗೇ ನಿಲ್ಲಿಸಿ.

ವಿದೇಶದಲ್ಲಿರುವ ಕನ್ನಡಿಗರು ಇದನ್ನು ಗಮನಿಸಿ. ನಿಮ್ಮದು ಭಾರತದ ಪಾಸ್‌ಪೋರ್ಟ್ ಆಗಿದ್ದರೆ ನಿಮ್ಮ ಸ್ವಂತ ಉಳಿತಾಯದ ದುಡ್ಡನ್ನು ಬ್ಯಾಂಕ್ ಮೂಲಕ ಕೊಡಬಹುದು, ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಅಲ್ಲಿನ ಪೌರತ್ವ ತಗೊಂಡು ಒಸಿಐ ಕಾರ್ಡ್ ಇಟ್ಟುಕೊಂಡವರದ್ದು ವಿದೇಶಿ ದೇಣಿಗೆಯೇ. ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಪಡೆಯುವ ಸರ್ಕಾರದ ಅನುಮತಿ ಇರಬೇಕು. ಕೇಳದೆ ಕಳಿಸಿದರೆ ಸಂಸ್ಥೆಯವರೇ ಕಾನೂನಿನ ತೊಡಕಿಗೆ ಸಿಕ್ಕಿಕೊಳ್ಳುತ್ತಾರೆ.

ಹಳೇ ಬಟ್ಟೆ, ಆಟದ ಸಾಮಾನು, ಹುಟ್ಟುಹಬ್ಬದ ಉಳಿದ ಕೇಕು ತಗೊಂಡು ಹೋಗಬೇಡಿ. ಅದು ಕೆಫೆ, ಇಡಲು ಜಾಗವೂ ಇರುವುದಿಲ್ಲ.

ಹಂತ 11: ವಾಪಸ್ ಬಂದ ಮೇಲೆ ನಾಲ್ಕು ಸಾಲು ಬರೆಯಿರಿ

‘ಮನ ಕಲಕಿತು, ಕಣ್ಣು ತುಂಬಿ ಬಂತು’ ಅಂತ ಬರೆದರೆ ಮುಂದೆ ಹೋಗುವವರಿಗೆ ಏನೂ ತಿಳಿಯುವುದಿಲ್ಲ. ಯಾವ ತಿಂಗಳು ಹೋಗಿದ್ದಿರಿ, ಎಷ್ಟು ಗಂಟೆಗೆ ತೆರೆದಿತ್ತು, ಬಾಗಿಲಲ್ಲಿ ಎಷ್ಟು ಮೆಟ್ಟಿಲು, ಗಾಲಿಕುರ್ಚಿ ಒಳಗೆ ಹೋಗುತ್ತದಾ, ಶೌಚಾಲಯ ಹೇಗಿದೆ, ಮೊಟ್ಟೆಯಿಲ್ಲದ ಕೇಕು ಸಿಗುತ್ತದಾ, ಕಾಫಿಗೆ ಎಷ್ಟು, ಆಟೋದವರಿಗೆ ಯಾವ ಗುರುತು ಹೇಳಬೇಕು. ಇಷ್ಟು ಬರೆಯಿರಿ. ಕಾಫಿ ತಣ್ಣಗಿತ್ತು ಅನ್ನುವುದಾದರೆ ಅದನ್ನೂ ಬರೆಯಿರಿ, ಆದರೆ ಮೊದಲು ಅಲ್ಲೇ ಅವರಿಗೆ ಹೇಳಿ ಬಂದಿರಬೇಕು.